ಗಿಟಾರಿನ ಮೊದಲ ಮೂರು ಸ್ವರಗುಚ್ಛಗಳು

ಮಕ್ಕಳು ಹಟ ಹಿಡಿದು ಕೊಡಿಸಿಕೊಂಡ ಗಿಟಾರು ಕೆಲವೇ ತಿಂಗಳಲ್ಲಿ ಮನೆಯ ಮೂಲೆ ಸೇರುವುದುಂಟು. ಆಗ ಹಿರಿಯರು, "ಇವನಿಗೆ ಸಂಗೀತ ಒಲಿಯದು" ಎಂದು ತೀರ್ಪು ಕೊಟ್ಟುಬಿಡುವರು. ಈ ತೀರ್ಪು ಬಹುವೇಳೆ ಅನ್ಯಾಯವಾದುದೆಂದು ನಮ್ಮ ಎಣಿಕೆ. ಕಲಿಕೆಯ ಕ್ರಮವನ್ನು ಸ್ವಲ್ಪ ತಿದ್ದಿದರೆ ಅದೇ ಮಗುವು ಸಂತೋಷದಿಂದ ನುಡಿಸಬಲ್ಲದು.

ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದು ಸಾಗುವುವು. ಪಾಶ್ಚಾತ್ಯರು ಹಲವು ಸ್ವರಗಳನ್ನು ಏಕಕಾಲದಲ್ಲಿ ನುಡಿಸಿ ಹಾಡಿಗೆ ಆಸರೆ ಕೊಡುವರು. ಈ ಸ್ವರಗುಚ್ಛಕ್ಕೆ 'ಕಾರ್ಡ್' ಎಂದು ಹೆಸರು. ಷಡ್ಜ, ಅಂತರಗಾಂಧಾರ, ಪಂಚಮಗಳು ಕೂಡಿದರೆ 'ಮೇಜರ್'. ಗಾಂಧಾರವು ಸಾಧಾರಣಗಾಂಧಾರವಾದರೆ 'ಮೈನರ್'.

ಗಿಟಾರಿಗೆ 6 ತಂತಿಗಳು. ಅತಿ ತೆಳ್ಳನೆಯದು 1ನೆಯದು, ಅತಿ ದಪ್ಪನೆಯದು 6ನೆಯದು. ವೀಣೆಯಲ್ಲಿರುವಂತೆ ಇದಕ್ಕೂ ಮೆಟ್ಟಿಲುಗಳುಂಟು. ಎಡಗೈಯ ನಡುಬೆರಳನ್ನು 5ನೆಯ ತಂತಿಯ 2ನೆಯ ಮೆಟ್ಟಿಲಿನಲ್ಲಿ, ಉಂಗುರದ ಬೆರಳನ್ನು 4ನೆಯ ತಂತಿಯ 2ನೆಯದರಲ್ಲಿ, ತೋರುಬೆರಳನ್ನು 3ನೆಯ ತಂತಿಯ 1ನೆಯದರಲ್ಲಿ ಒತ್ತಿ ಎಲ್ಲ ತಂತಿಗಳನ್ನೂ ಮೀಟಿದರೆ 'ಇ ಮೇಜರ್' ನುಡಿಯುವುದು.

ಇಷ್ಟಾದ ಮೇಲೆ ಕೈಯನ್ನೆತ್ತಿ ಹೊಸದೊಂದು ಚಿತ್ರವನ್ನು ನೋಡಿ ಬೆರಳಿಡುವುದರಿಂದಲೇ ತಾಳ ಕಡಿದು ಬೇಸರ ಹುಟ್ಟುವುದು. ಅದರ ಬದಲು ಮೂರು ಬೆರಳುಗಳನ್ನೂ ಇದ್ದ ಜೋಡಣೆಯಲ್ಲಿಯೇ ತೆಳುತಂತಿಯ ಕಡೆಗೆ ಒಂದೊಂದು ತಂತಿ ಸರಿಸಬೇಕು. ಅದೇ 'ಎ ಮೈನರ್'. ಬಳಿಕ ತೋರುಬೆರಳು, ನಡುಬೆರಳುಗಳನ್ನು ಕದಲಿಸದೆ ಉಂಗುರದ ಬೆರಳನ್ನು ಮಾತ್ರ 5ನೆಯ ತಂತಿಯ 3ನೆಯ ಮೆಟ್ಟಿಲಿಗೆ ಒಯ್ದರೆ 'ಸಿ ಮೇಜರ್'. ಈ ಎರಡರಲ್ಲಿಯೂ 6ನೆಯ ತಂತಿಯನ್ನು ಮೀಟಬಾರದು. ಹೀಗೆ ಒಂದು ಗುಚ್ಛದಿಂದ ಮತ್ತೊಂದಕ್ಕೆ ಹೋಗುವ ದಾರಿಯನ್ನೇ ಪಾಠವೆಂದು ತಿಳಿಯತಕ್ಕದ್ದು.

ಎಡಗೈಯ ಉಗುರುಗಳನ್ನು ಕತ್ತರಿಸಿರಬೇಕು. ಬೆರಳ ತುದಿಯನ್ನು ಮೆಟ್ಟಿಲಿನ ಪಟ್ಟಿಗೆ ಹತ್ತಿರವಾಗಿ, ಅದರ ಹಿಂದೆ ಒತ್ತಬೇಕು. ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಬೇಕು. ನಾದ ಮಂಕಾದರೆ ಪಕ್ಕದ ಬೆರಳು ತಗಲಿರಬಹುದು. ಮೊದಲ ವಾರಗಳಲ್ಲಿ ಬೆರಳ ತುದಿ ನೋಯುವುದು ಸಹಜ. ಚರ್ಮ ಗಟ್ಟಿಯಾದಂತೆ ನೋವು ಕಡಮೆಯಾಗುವುದು. ಉಕ್ಕಿನ ತಂತಿಗಿಂತ ನೈಲಾನ್ ತಂತಿ ಮೃದು. ಮಣಿಕಟ್ಟು ನೊಂದರೆ ಮಾತ್ರ ಕೂಡಲೆ ನಿಲ್ಲಿಸತಕ್ಕದ್ದು. ಭಾನುವಾರದ ಎರಡು ಗಂಟೆಗಿಂತ ನಿತ್ಯದ ಹದಿನೈದು ನಿಮಿಷ ಮೇಲು.

ಬೆರಳುಗಳು ಮಣಿಯವೆಂದು ಕೊರಗುವವರು ಜ್ಯಾಂಗೊ ರೈನ್‌ಹಾರ್ಟನನ್ನು ನೆನೆಯಲಿ. 1928ರಲ್ಲಿ ಬೆಂಕಿಯ ಅನಾಹುತದಿಂದ ಅವನ ಎಡಗೈಯ ಎರಡು ಬೆರಳುಗಳು ಬಹುಮಟ್ಟಿಗೆ ನಿರುಪಯೋಗವಾದುವು. ಉಳಿದವಕ್ಕೆ ಒಪ್ಪುವಂತೆ ಅವನು ಹೊಸದಾಗಿ ಕಲಿತನು. 1934ರಲ್ಲಿ ಪ್ಯಾರಿಸಿನಲ್ಲಿ ಸಂಗಡಿಗರೊಡನೆ ಸ್ವಂತ ವಾದ್ಯಮೇಳವನ್ನು ಕಟ್ಟಿ ಜಗತ್ಪ್ರಸಿದ್ಧನಾದನು.

ಮನೆಯ ಹಿರಿಯರಿಗೂ ಇಲ್ಲಿ ಕೆಲಸವುಂಟು. ಪ್ರತಿ ಗುಚ್ಛಕ್ಕೆ ನಾಲ್ಕೆಣಿಕೆಯಂತೆ ಮೆಲ್ಲಗೆ ತಾಳ ಹಾಕಿರಿ. ಬೆರಳು ತಡವರಿಸಿದರೆ ತಾಳವನ್ನು ಇನ್ನೂ ನಿಧಾನಮಾಡಿರಿ. ತೀರ್ಪನ್ನು ಕೆಲವು ತಿಂಗಳು ಮುಂದೆ ಹಾಕಬಹುದು.