ಚಾರಿತ್ರಿಕ ಚಲನಚಿತ್ರದಲ್ಲಿ ಬುಡಕಟ್ಟು ಮಕ್ಕಳು: ಉತ್ತರ ಕನ್ನಡದ ಸಿದ್ದಿ ಸಮುದಾಯವನ್ನು ಕುರಿತು ಒಂದು ವಿವೇಚನೆ

ಇತಿಹಾಸವನ್ನು ವಸ್ತುವಾಗಿ ಉಳ್ಳ ಚಲನಚಿತ್ರಗಳ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಕಥೆಯ ಸತ್ಯಾಸತ್ಯತೆಗೆ ಸೀಮಿತವಾಗಿದೆ. ಆ ಕಥೆಯನ್ನು ಯಾರ ದೇಹ, ಯಾರ ಮಾತು ಹೊತ್ತು ನಿಲ್ಲುತ್ತದೆ ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಪಾತ್ರಧಾರಿ ಮಗುವಾಗಿದ್ದು, ಆ ಮಗು ಚರಿತ್ರೆಯಲ್ಲಿ ಹಿಂಸೆಗೊಳಗಾದ ಸಮುದಾಯಕ್ಕೆ ಸೇರಿದ್ದರೆ ಪ್ರಶ್ನೆ ಇನ್ನಷ್ಟು ತೊಡಕಿನದಾಗುತ್ತದೆ. ಕಾರವಾರ, ಅಂಕೋಲಾ ಮತ್ತು ಯಲ್ಲಾಪುರಗಳ ಪರಿಸರದಲ್ಲಿ ನೆಲೆಸಿರುವ ಸಿದ್ದಿಗಳನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ತೊಡಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೋಲಿಕೆಗೆ ಆಸ್ಟ್ರೇಲಿಯಾದ ‘ರ್‍ಯಾಬಿಟ್ ಪ್ರೂಫ್ ಫೆನ್ಸ್’ (2002) ಚಿತ್ರವನ್ನು ಗಮನಿಸಬಹುದು. ಮೂಲನಿವಾಸಿ ತಾಯಂದಿರಿಂದ ಮಿಶ್ರಸಂತಾನದ ಮಕ್ಕಳನ್ನು ಕಿತ್ತುಕೊಂಡು ಸರಕಾರಿ ವಸತಿಗಳಲ್ಲಿ ಇರಿಸುವ ನೀತಿ ಆ ದೇಶದಲ್ಲಿ ದಶಕಗಳ ಕಾಲ ಜಾರಿಯಲ್ಲಿತ್ತು. 1931ರಲ್ಲಿ ಮೋಲಿ, ಡೇಸಿ, ಗ್ರೇಸಿ ಎಂಬ ಮೂವರು ಬಾಲಕಿಯರು ಇಂಥ ಒಂದು ವಸತಿಯಿಂದ ತಪ್ಪಿಸಿಕೊಂಡರು. ಅವರಲ್ಲಿ ಇಬ್ಬರು ಸುಮಾರು 1,600 ಕಿಲೋಮೀಟರ್ ದೂರದ ತಮ್ಮೂರು ಜಿಗಲಾಂಗನ್ನು ಕಾಲ್ನಡಿಗೆಯಲ್ಲಿ ಸೇರಿದರು. ಮೋಲಿಯ ಮಗಳು ಡೋರಿಸ್ ಪಿಲ್ಕಿಂಗ್ಟನ್ ಗರಿಮಾರ 1996ರಲ್ಲಿ ಬರೆದ ಕೃತಿಯೇ ಚಿತ್ರಕ್ಕೆ ಆಧಾರ. ನಿರ್ದೇಶಕ ಫಿಲಿಪ್ ನೋಯ್ಸ್ ಹಿಂದೆಂದೂ ಅಭಿನಯಿಸದ ಮೂಲನಿವಾಸಿ ಬಾಲಕಿಯರನ್ನು ಆಯ್ದುಕೊಂಡರು. ಮೋಲಿಯ ಪಾತ್ರ ವಹಿಸಿದ ಬಾಲಕಿ ಚಿತ್ರದ ಸಿದ್ಧತೆಯ ಹಂತದಲ್ಲಿ ತಾನೇ ಓಡಿಹೋಗಲು ಯತ್ನಿಸಿದ್ದಳೆಂದು ಅವರು ಹೇಳಿಕೊಂಡಿದ್ದಾರೆ. ಮನೆಯಿಂದ ದೂರ ಒಯ್ಯಲಾದ ಮಗುವಿನ ಕಥೆಯನ್ನು ಹೇಳಲು ಮತ್ತೊಂದು ಮಗುವನ್ನು ಮನೆಯಿಂದ ದೂರ ಒಯ್ಯಬೇಕಾಗಿ ಬರುವ ವೈರುಧ್ಯ ಇಲ್ಲಿ ಸ್ಪಷ್ಟವಾಗಿದೆ. ಚಿತ್ರದ ಕೊನೆಯಲ್ಲಿ ವೃದ್ಧೆಯರಾದ ಮೋಲಿ ಮತ್ತು ಡೇಸಿ ಸ್ವತಃ ಕಾಣಿಸಿಕೊಳ್ಳುತ್ತಾರೆ. ಕಥೆಯ ಒಡೆತನ ಯಾರದೆಂಬುದನ್ನು ಆ ದೃಶ್ಯ ನಿಸ್ಸಂದಿಗ್ಧವಾಗಿ ಸೂಚಿಸುತ್ತದೆ.

ಸಿದ್ದಿಗಳ ಚರಿತ್ರೆ ಇದಕ್ಕಿಂತ ಭಿನ್ನ. ಅವರು ಈ ನೆಲದ ಆದಿವಾಸಿಗಳಲ್ಲ. ಆಫ್ರಿಕದಿಂದ ಬಂದವರ ಸಂತತಿ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಗುಲಾಮರನ್ನು ತರಿಸುತ್ತಿದ್ದರು. ಅವರಲ್ಲಿ ತಪ್ಪಿಸಿಕೊಂಡ ಅನೇಕರು ಗಡಿ ದಾಟಿ, ಕಾರವಾರದ ಪೂರ್ವಕ್ಕೆ ಹಬ್ಬಿರುವ ಘಟ್ಟದ ಕಾಡುಗಳನ್ನು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಮ್ ಧರ್ಮಗಳಲ್ಲಿ ಹಂಚಿಹೋಗಿರುವ ಈ ಸಮುದಾಯ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಮುಂತಾದ ತಾಲೂಕುಗಳಲ್ಲಿದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರ ತಿದ್ದುಪಡಿ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಈ ಮನ್ನಣೆಯನ್ನು ವಿಸ್ತರಿಸಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಈ ಭೇದ ಕಥನದ ರಚನೆಯ ಮೇಲೂ ಪರಿಣಾಮ ಬೀರುತ್ತದೆ. ಮೋಲಿಗೆ ಮರಳಲು ಒಂದು ಊರಿತ್ತು, ಹಿಡಿದು ನಡೆಯಲು ಒಂದು ಬೇಲಿಯಿತ್ತು. ಗೋವೆಯಿಂದ ಓಡಿಬಂದವರ ಊರು ಸಮುದ್ರದ ಆಚೆಗಿತ್ತು. ಅವರಿಗೆ ಒದಗಿದ್ದು ಮರಳುವ ದಾರಿಯಲ್ಲ, ಅಡಗುವ ಕಾಡು. ಆದ್ದರಿಂದ ಸಿದ್ದಿಗಳ ಚರಿತ್ರೆಯನ್ನು ಮನೆಗೆ ಹಿಂದಿರುಗುವ ಪ್ರಯಾಣದ ರೂಪದಲ್ಲಿ ಹೇಳಲಾಗದು. ‘ಹಿರಿಯಾರು’ ಎಂದು ಕರೆಯುವ ಪೂರ್ವಜರ ಆರಾಧನೆಯಲ್ಲಿ, ಡಮಾಮಿಯ ವಾದನ ಮತ್ತು ಕುಣಿತಗಳಲ್ಲಿ ಉಳಿದುಬಂದಿರುವ ಸ್ಮೃತಿಯೇ ಇಲ್ಲಿ ಮುಖ್ಯ ಆಕರ.

ಸಿದ್ದಿ ಮಕ್ಕಳನ್ನು ಹೊರಗಿನವರು ‘ಆಯ್ಕೆ’ ಮಾಡುವುದಕ್ಕೂ ಒಂದು ಹಿನ್ನೆಲೆಯಿದೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಕ್ರೀಡಾ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿಕೊಂಡಿತು. ಆಫ್ರಿಕ ಮೂಲದ ದೇಹಗಳಲ್ಲಿ ಓಟದ ಸಾಮರ್ಥ್ಯ ಸಹಜವಾಗಿ ಇರುತ್ತದೆಂಬ ನಂಬಿಕೆ ಅದರ ಹಿಂದಿತ್ತು. ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರೂ ಅದರಿಂದ ಹೊರಬಂದರು. ಆದರೆ 1993ರಲ್ಲಿ ಯೋಜನೆ ನಿಂತುಹೋಯಿತು. ಮೈಬಣ್ಣ, ಕೂದಲು, ಮೈಕಟ್ಟುಗಳನ್ನು ನೋಡಿ ಮಗುವನ್ನು ಆರಿಸುವ ಈ ಕ್ರಮ ಚಲನಚಿತ್ರದ ಪಾತ್ರವರ್ಗದ ಆಯ್ಕೆಗೆ ಅಪಾಯಕಾರಿಯಾಗಿ ಹತ್ತಿರದ್ದು. ಉದ್ದೇಶಗಳು ಬೇರೆಯಾಗಿದ್ದರೂ, ಅಳೆಯುವ ಕಣ್ಣು ಹೊರಗಿನದೇ ಆಗಿರುವುದನ್ನು ಸಂಶೋಧಕರು ಮರೆಯಬಾರದು.

ಇದಕ್ಕೆ ಪರ್ಯಾಯವಾದ ದಾರಿಯನ್ನು ಮೊದಲು ತೋರಿದ್ದು ರಂಗಭೂಮಿ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ಸಿದ್ದಿಗಳೊಂದಿಗೆ ರಂಗಶಿಬಿರ ನಡೆಸಿತು. ಚಿನುವಾ ಅಚಿಬೆಯ ಪ್ರಸಿದ್ಧ ಕಾದಂಬರಿಯನ್ನು ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ ಸಿದ್ದಿಗಳೇ ಅಭಿನಯಿಸಿದರು. ತಲೆಮಾರುಗಳ ಹಿಂದೆ ಕಳಚಿಹೋದ ಖಂಡವೊಂದರ ಕಥೆಯನ್ನು ಅವರು ಕನ್ನಡದಲ್ಲಿ ಆಡಿದ್ದು ಮಹತ್ವದ ಸಂಗತಿ. ಮುಂದೆ ಇದೇ ಸಮುದಾಯದಿಂದ ಪ್ರಶಾಂತ ಸಿದ್ದಿ, ಗಿರಿಜಾ ಸಿದ್ದಿ ಮೊದಲಾದ ಕಲಾವಿದರು ರಂಗಭೂಮಿಗೂ ಚಲನಚಿತ್ರಕ್ಕೂ ಬಂದರು.

ಜಯನ್ ಚೆರಿಯನ್ ನಿರ್ದೇಶನದ ‘ರಿದಮ್ ಆಫ್ ದಮಾಮ್’ (2024) ಚಿತ್ರವನ್ನು ಈ ಪರಂಪರೆಯ ಬೆಳಕಿನಲ್ಲಿ ನೋಡಬೇಕು. ಅಜ್ಜನ ಮರಣಾನಂತರ ಅವನ ಆತ್ಮ ಮತ್ತು ಪೂರ್ವಜರ ಗುಲಾಮಗಿರಿಯ ನೆನಪುಗಳು ಹನ್ನೆರಡು ವರ್ಷದ ಜಯರಾಮನೆಂಬ ಬಾಲಕನನ್ನು ಆವರಿಸುವುದು ಅದರ ವಸ್ತು. ಚಿತ್ರ 2024ರಲ್ಲಿ ಗೋವೆಯ ಭಾರತೀಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಪೂರ್ವಜರು ಯಾವ ನೆಲದಿಂದ ತಪ್ಪಿಸಿಕೊಂಡು ಓಡಿದ್ದರೋ ಅದೇ ನೆಲದಲ್ಲಿ ಅವರ ಕಥೆ ತೆರೆಗೆ ಬಂದಂತಾಯಿತು. ಬಾಲಕನ ಪಾತ್ರವನ್ನು ಸಿದ್ದಿ ಬಾಲಕನೇ ವಹಿಸಿದ್ದಾನೆ. ಜೊತೆಯಲ್ಲಿ ರಂಗಾನುಭವವುಳ್ಳ ಸಿದ್ದಿ ಕಲಾವಿದರಿದ್ದಾರೆ. ಮಗು ಅಪರಿಚಿತರ ನಡುವೆ ಒಂಟಿಯಾಗಿ ನಿಲ್ಲದೆ, ತನ್ನ ಮಾತನ್ನು ಬಲ್ಲ ಹಿರಿಯರ ನಡುವೆ ಅಭಿನಯಿಸುವುದರಿಂದ ಆಯ್ಕೆಯ ಅರ್ಥವೇ ಬದಲಾಗುತ್ತದೆ.

ಭಾಷೆಯ ವಿಷಯವೂ ಇಲ್ಲಿ ನಿರ್ಣಾಯಕ. ಯಲ್ಲಾಪುರ, ಅಂಕೋಲಾ ಕಡೆಯ ಸಿದ್ದಿಗಳ ಮನೆಮಾತು ಕನ್ನಡ, ಮರಾಠಿ ಪದಗಳು ಬೆರೆತ ಕೊಂಕಣಿಯ ಒಂದು ಪ್ರಭೇದ. ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಗೋವೆಯಿಂದ ಘಟ್ಟದವರೆಗಿನ ವಲಸೆಯ ಕುರುಹೇ ಅಳಿಸಿಹೋಗುತ್ತದೆ.

ಅಂಕೋಲೆಯ ಕರಾವಳಿಯ ಹಾಲಕ್ಕಿ ಒಕ್ಕಲಿಗರ ವಿಷಯದಲ್ಲಿ ಸಮಸ್ಯೆ ಬೇರೊಂದು ಬಗೆಯದು. ಸುಕ್ರಿ ಬೊಮ್ಮಗೌಡ (ನಿಧನ 2025) ಮತ್ತು ತುಳಸಿ ಗೌಡ (ನಿಧನ 2024) ಅವರ ಮೂಲಕ ಹಾಲಕ್ಕಿ ಮಹಿಳೆಯರ ಮಣಿಸರ ಮತ್ತು ಸೀರೆಯ ಉಡುಗೆ ನಾಡಿಗೆಲ್ಲ ಪರಿಚಿತವಾಯಿತು. ಆದರೆ ಆ ಉಡುಗೆ ಈಗ ಹೆಚ್ಚಾಗಿ ಹಿರಿಯರಲ್ಲಿ ಮಾತ್ರ ಉಳಿದಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಆರಂಭವಾದ ಉಪ್ಪಿನ ಸತ್ಯಾಗ್ರಹವನ್ನು ಯಾರಾದರೂ ಚಿತ್ರಿಸಹೊರಟರೆ, ಅಂದಿನ ಹಾಲಕ್ಕಿ ಹುಡುಗಿಯ ವೇಷಭೂಷಣ, ಹಾಡು, ನಡೆನುಡಿಗಳಿಗೆ ಪ್ರಮಾಣವಾಗಬೇಕಾದವರು ಊರಿನ ವೃದ್ಧೆಯರೇ ಹೊರತು ಪ್ರಶಸ್ತಿ ಸಮಾರಂಭದ ಛಾಯಾಚಿತ್ರಗಳಲ್ಲ.

ಕೊನೆಯದಾಗಿ ಕಾನೂನಿನ ಆವರಣ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಮಗುವನ್ನು ಚಿತ್ರೀಕರಣದಲ್ಲಿ ತೊಡಗಿಸಲು ಜಿಲ್ಲಾ ದಂಡಾಧಿಕಾರಿಯ ಅನುಮತಿ ಬೇಕು. ಉತ್ತರ ಕನ್ನಡದ ಮಟ್ಟಿಗೆ ಈ ಅರ್ಜಿ ಕಾರವಾರದ ಜಿಲ್ಲಾಧಿಕಾರಿಯವರ ಮುಂದೆ ಬರಬೇಕಾಗುತ್ತದೆ. ದಿನಕ್ಕೆ ಐದು ಗಂಟೆಗೆ ಮೀರಿ, ಬಿಡುವಿಲ್ಲದೆ ಮೂರು ಗಂಟೆಗೆ ಮೀರಿ ಕೆಲಸ ಮಾಡಿಸುವಂತಿಲ್ಲ. ಸತತ 27 ದಿನಗಳ ಮಿತಿಯಿದೆ. ಮಗುವಿನ ಗಳಿಕೆಯ ಕನಿಷ್ಠ ಶೇ. 20ರಷ್ಟನ್ನು ಅದರ ಹೆಸರಿನಲ್ಲಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇರಿಸಬೇಕು. ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ತೊಡಗಿಸುವಂತಿಲ್ಲ. ಈ ನಿಯಮಗಳು ಮಗುವಿನ ಹೊತ್ತನ್ನೂ ಹಣವನ್ನೂ ಕಾಯುತ್ತವೆ. ತನ್ನ ಅಜ್ಜಂದಿರು ಮಾರಾಟವಾದ ಪ್ರಸಂಗವನ್ನು ಅಭಿನಯಿಸುವ ಮಗುವಿಗೆ ಆ ಚರಿತ್ರೆಯನ್ನು ಮೊದಲು ಯಾರು, ಯಾವ ಮಾತಿನಲ್ಲಿ ತಿಳಿಸಬೇಕು ಎಂಬುದನ್ನು ಅವು ಹೇಳುವುದಿಲ್ಲ. ಆ ಹೊಣೆ ಕುಟುಂಬದ್ದು, ಸಮುದಾಯದ್ದು, ಚಿತ್ರತಂಡದ್ದು.

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದು, ಸಮುದಾಯದ ಮಗುವೇ ಪಾತ್ರ ವಹಿಸುವುದು ಅಗತ್ಯವಾದರೂ ಅದೊಂದೇ ಸಾಲದು. ಆಯ್ಕೆ, ಭಾಷೆ ಮತ್ತು ತಾಲೀಮಿನ ತೀರ್ಮಾನಗಳಲ್ಲಿ ಆ ಸಮುದಾಯದ ವಯಸ್ಕರಿಗೂ ಪಾಲಿರಬೇಕು. ಎರಡು, ಇಂಥ ಚಿತ್ರಗಳ ಸಿದ್ಧತೆಯ ಹಂತದಲ್ಲಿ ಸಂಗ್ರಹವಾಗುವ ಹಾಡು, ನೆನಪು, ಮಾತುಗಳನ್ನು ಚಿತ್ರದೊಂದಿಗೆ ಕಳೆದುಹೋಗಲು ಬಿಡದೆ, ಸಮುದಾಯದ ಒಪ್ಪಿಗೆ ಪಡೆದು ಜಿಲ್ಲೆಯ ಗ್ರಂಥಾಲಯಗಳಲ್ಲಿ ಕಾಪಿಡಬೇಕು. ಬರೆಹದಲ್ಲಿ ಹೊರಗಿನವರ ಕಣ್ಣಿನಿಂದಲೇ ಹೆಚ್ಚಾಗಿ ದಾಖಲಾಗಿರುವ ಜನಕ್ಕೆ, ತಮ್ಮ ಧ್ವನಿಯಲ್ಲಿರುವ ಇಂಥ ದಾಖಲೆ ಮುಂದಿನ ತಲೆಮಾರಿನ ಮಕ್ಕಳಿಗೆ ಸಲ್ಲಬೇಕಾದ ಆಸ್ತಿ.