ಹಾಡುವವರ ಊರಾಗ ಸಿತಾರ ಹಿಡಿದ ಮನೆತನ

ನಾಲತವಾಡ: ಬೆನ್ನಿಗೆ ಗಿಟಾರ್ ಚೀಲ ಹಾಕಿಕೊಂಡ ಹುಡುಗ ಮುದ್ದೇಬಿಹಾಳದ ಬಸ್ಸು ಹತ್ತಿದರೆ ಸೀಟಿನಲ್ಲಿ ಕುಂತ ಹಿರಿಯರು ಕೇಳುವ ಪ್ರಶ್ನೆ ಎರಡೇ. "ಇದು ಆರ್ಕೆಸ್ಟ್ರಾದ್ದೇನೋ ತಮ್ಮಾ?" ಅನ್ನೋದು ಒಂದು. "ಇದರಾಗ ನಮ್ಮ ರಾಗ ಬರ್ತಾವೇನು?" ಅನ್ನೋದು ಇನ್ನೊಂದು.

ಎರಡನೆಯ ಪ್ರಶ್ನೆ ಹಗುರವಾದದ್ದಲ್ಲ. ಗಿಟಾರಿನ ಮನೆಗಳು ಮರಕ್ಕೆ ಬಡಿದು ಕೂರಿಸಿದವು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಮೆಟ್ಟಿಲು ಹತ್ತಿದಂತೆ ಹತ್ತಬೇಕು. ನಮ್ಮ ರಾಗವೋ, ಮೆಟ್ಟಿಲು ಬಿಟ್ಟು ಇಳಿಜಾರಿನಲ್ಲಿ ಜಾರುವಂಥದು. ಇದಕ್ಕೆ ಜೋಧಪುರದ ಬ್ರಿಜ್‌ಭೂಷಣ ಕಾಬ್ರಾ ಒಂದು ದಾರಿ ಮಾಡಿದರು. ಹವಾಯಿ ದ್ವೀಪದವರಂತೆ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿದರು. ಸರೋದಿನ ಅಲಿ ಅಕ್ಬರ್ ಖಾನರ ಹತ್ತಿರ ಕಲಿತರು. 1967ರಲ್ಲಿ ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲಿನ ಜತೆ ಅವರ ಗಿಟಾರ್ ಸೇರಿ 'ಕಾಲ್ ಆಫ್ ದಿ ವ್ಯಾಲಿ' ಎಂಬ ತಟ್ಟೆ ಬಂತು. ಅದು ದೇಶದ ಗಡಿ ದಾಟಿ ಮಾರಾಟವಾಯಿತು. ಕಾಬ್ರಾ 2018ರಲ್ಲಿ ತೀರಿಕೊಂಡರು. ಅವರ ನಂತರ ಗಿಟಾರಿಗೆ ಇನ್ನಷ್ಟು ತಂತಿ ಬಿಗಿದು 'ಮೋಹನವೀಣೆ' ಎಂದು ಹೆಸರಿಟ್ಟ ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದ್ದರಿಂದ ಬಸ್ಸಿನಲ್ಲಿರುವ ಹುಡುಗ "ಬರ್ತಾವ್ರಿ ಕಾಕಾ" ಎನ್ನಲು ಅಡ್ಡಿಯಿಲ್ಲ.

ಆದರೆ ಇದೇ ಪ್ರಶ್ನೆಗೆ ಉತ್ತರ ಹುಡುಕಲು ಜೋಧಪುರದ ತನಕ ಹೋಗಬೇಕಾಗಿಲ್ಲ. ಬಾಗಲಕೋಟೆ ಹಾದು ಹುಬ್ಬಳ್ಳಿ, ಅಲ್ಲಿಂದ ಧಾರವಾಡಕ್ಕೆ ಇಳಿದರೆ ಸಾಕು.

ಕಂಠದ ಎದುರು ತಂತಿ

ಧಾರವಾಡ ಸೀಮೆ ಅಂದರೆ ಹಾಡುವವರ ಸೀಮೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಗದುಗಿನ ಭೀಮಸೇನ ಜೋಶಿ. ಇಷ್ಟು ಮಂದಿ ಬಾಯಿ ತೆರೆದು ಹಾಡುವ ಊರಿನಲ್ಲಿ ಬಾಯಿ ಮುಚ್ಚಿಕೊಂಡು ತಂತಿ ಮೀಟಿ ಬದುಕುವುದು ಸಣ್ಣ ಮಾತಲ್ಲ. ಆ ಕೆಲಸ ಮಾಡಿದ್ದು ಸಿತಾರರತ್ನ ರಹಿಮತ್ ಖಾನರ ಮನೆತನ.

ರಹಿಮತ್ ಖಾನರು ಬೀನ್ ವಾದ್ಯದ ದೊಡ್ಡ ಹೆಸರಾದ ಬಂದೇ ಅಲಿ ಖಾನರ ಶಿಷ್ಯರು. ಉತ್ತರದಿಂದ ಬಂದು ಧಾರವಾಡದಲ್ಲಿ ನೆಲೆನಿಂತರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆದರ ಅವರಿಗಿತ್ತು. 1931ರಲ್ಲಿ ಧಾರವಾಡದಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆಗೆದರು. ಸಿತಾರಿನ ತಂತಿಗಳ ಜೋಡಣೆ ತಿದ್ದಿ, ತಗ್ಗಿನ ಖರಜದ ತಂತಿ ಸೇರಿಸಿದ ಹೆಸರೂ ಅವರಿಗೇ ಸಲ್ಲುತ್ತದೆಂದು ಸಿತಾರಿನವರು ಹೇಳುತ್ತಾರೆ. 1954ರಲ್ಲಿ ಅವರು ತೀರಿಕೊಂಡರು. ಸಿತಾರು ಮಗ ಅಬ್ದುಲ್ ಕರೀಂ ಖಾನರ ತೊಡೆಗೆ ಬಂತು.

ಇಲ್ಲಿ ಒಂದು ಮಾತು. ಅಬ್ದುಲ್ ಕರೀಂ ಖಾನ್ ಎಂದೊಡನೆ ಸವಾಯಿ ಗಂಧರ್ವರ ಗುರು, ಕಿರಾಣಾ ಘರಾಣೆಯ ಗಾಯಕರೇ ಇವರು ಎಂದು ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅವರು ಬೇರೆ, ಇವರು ಬೇರೆ. ಆ ಗಾಯಕರು 1937ರಲ್ಲೇ ತೀರಿಕೊಂಡವರು. ಆದರೆ ಕಿರಾಣಾದವರೂ ಬಂದೇ ಅಲಿ ಖಾನರನ್ನು ತಮ್ಮ ಹಿರಿಯರಲ್ಲಿ ಎಣಿಸುತ್ತಾರೆ. ಅಂದರೆ ಕುಂದಗೋಳದ ಕಂಠಕ್ಕೂ ಧಾರವಾಡದ ತಂತಿಗೂ ಎಲ್ಲೋ ಹಿಂದೆ ಬೇರು ಒಂದೇ.

ಬಾಲೇ ಖಾನ್

ಅಬ್ದುಲ್ ಕರೀಂ ಖಾನರ ಮಕ್ಕಳು ಒಬ್ಬರಲ್ಲ ಇಬ್ಬರಲ್ಲ, ಸಾಲುಸಾಲಾಗಿ ಸಿತಾರು ಹಿಡಿದರು. ಉಸ್ಮಾನ್ ಖಾನ್ ಪುಣೆಗೆ ಹೋದರು, ಛೋಟೆ ರಹಿಮತ್ ಖಾನ್ ಗೋವೆಗೆ ಹೋದರು. ಹಮೀದ್ ಖಾನ್, ರಫೀಕ್ ಖಾನ್, ಶಫೀಕ್ ಖಾನ್ ಎಲ್ಲರದೂ ಅದೇ ವಾದ್ಯ. ಇವರ ಪೈಕಿ ಧಾರವಾಡದ ಸಿತಾರು ಎಂದರೆ ತಟ್ಟನೆ ನೆನಪಾಗುವ ಹೆಸರು ಉಸ್ತಾದ್ ಬಾಲೇ ಖಾನರದು.

ಬಾಲೇ ಖಾನ್ ಹುಟ್ಟಿದ್ದು 1942ರಲ್ಲಿ. ಕಲಿತದ್ದು ತಂದೆಯ ಎದುರು ಕುಂತು. ಸಿತಾರು ಕಲಿಯುವುದೆಂದರೆ ಏನು ಎಂಬುದನ್ನು ಅಂಗಡಿಯವರಿಗೆ ತಿಳಿಯುವಂತೆ ಹೇಳಬೇಕೆಂದರೆ, ಎಡಗೈಯ ಎರಡು ಬೆರಳು ಉಕ್ಕಿನ ತಂತಿಗೆ ಕೊಯ್ಸಿಕೊಂಡು, ಒಣಗಿ, ಮತ್ತೆ ಕೊಯ್ಸಿಕೊಂಡು, ಕೊನೆಗೆ ಒಕ್ಕಲಿಗನ ಅಂಗೈಯಂತೆ ದಡ್ಡುಗಟ್ಟಬೇಕು. ಬಲಗೈಯ ತೋರುಬೆರಳಿಗೆ ತಂತಿಯ ನಖಿ, ಅದರಿಂದ ಮೀಟು. ಸಿತಾರಿನ ಮನೆಗಳು ಬಾಗಿದ ಲೋಹದವು, ದಾರದಿಂದ ಕಟ್ಟಿದವು, ಬೇಕಾದರೆ ಸರಿಸಬಹುದು. ತಂತಿಯನ್ನು ಮನೆಯ ಮೇಲೆ ಅಡ್ಡಕ್ಕೆ ಎಳೆದರೆ ಒಂದೇ ಜಾಗದಲ್ಲಿ ನಾಲ್ಕಾರು ಸ್ವರ ಏರುತ್ತವೆ. ಇದಕ್ಕೆ ಮೀಂಡ್ ಅನ್ನುತ್ತಾರೆ. ಗಿಟಾರಿನವರು ಉಕ್ಕಿನ ತುಂಡಿನಿಂದ ಮಾಡುವುದನ್ನು ಸಿತಾರಿನವರು ಬೆರಳ ಬಲದಿಂದ ಮಾಡುತ್ತಾರೆ. ಕೆಳಗೆ ಸಣ್ಣ ತರಬಿನ ತಂತಿಗಳು, ಯಾರೂ ಮುಟ್ಟದೆ ತಾವೇ ಝೇಂಕರಿಸುತ್ತವೆ.

ತಾಪತ್ರಯ ಬೇರೆಯೇ ಇದೆ. ಹಾಡುವವರಿಗೆ ಉಸಿರಿರುವ ತನಕ ಸ್ವರ ನಿಲ್ಲುತ್ತದೆ. ಮೀಟಿದ ತಂತಿ ಕ್ಷಣದಲ್ಲಿ ಸೊರಗುತ್ತದೆ. ಸೊರಗುವುದರೊಳಗೆ ಎಳೆದು ಮುಂದಿನ ಸ್ವರ ಮುಟ್ಟಬೇಕು. ಒಂದು ಮೀಟಿಗೆ ಒಂದು ಮಾತು ಪೂರ್ತಿಯಾಗಬೇಕು. ಇದು ಗಾಯಕಿ ಶೈಲಿ. ಬಾಲೇ ಖಾನರು ನೆಚ್ಚಿದ್ದು ಇದನ್ನೇ. ಮನಸೂರರ, ಗಂಗೂಬಾಯಿಯವರ ರಾಗ ಕೇಳಿ ಪಳಗಿದ ಕಿವಿಗಳ ಮುಂದೆ ಬರೀ ಕೈಚಳಕ ನಡೆಯುವುದಿಲ್ಲ. ಬೆರಳು ಓಡಿಸಿ ಚಪ್ಪಾಳೆ ಹೊಡೆಸಿಕೊಳ್ಳುವುದು ಸುಲಭ, ಆಲಾಪದಲ್ಲಿ ಧಾರವಾಡದ ಮಂದಿಯನ್ನು ಸುಮ್ಮನೆ ಕೂಡಿಸುವುದು ಕಷ್ಟ. ಬಾಲೇ ಖಾನರು ಕೂಡಿಸಿದರು.

ಹೊಟ್ಟೆಪಾಡು? ಬರೀ ಕಛೇರಿ ನಂಬಿದರೆ ವಾದ್ಯದವರ ಮನೆಯ ಒಲೆ ಹೊತ್ತುವುದಿಲ್ಲ. ಹಾಡಿಕೆಯವರಿಗಾದರೆ ನಾಟಕ ಕಂಪನಿ ಇತ್ತು, ಮಠದ ಪುರಾಣ ಇತ್ತು, ಭಜನೆ ಇತ್ತು. ಸಿತಾರಿಗೆ ಅದ್ಯಾವುದೂ ಇಲ್ಲ. ರಾಜರ ಕಾಲ ಮುಗಿದಿತ್ತು. ಕೈಹಿಡಿದದ್ದು ಆಕಾಶವಾಣಿ. 1950ರ ಜನವರಿ 8ರಂದು ಶುರುವಾದ ಧಾರವಾಡ ನಿಲಯದಲ್ಲಿ ಬಾಲೇ ಖಾನರು ಕಲಾವಿದರಾಗಿ ಕೆಲಸ ಮಾಡಿದರು. ನಿಲಯದ ಕಲಾವಿದರೆಂದರೆ ತಮ್ಮ ಪಾಳಿಯ ರಾಗವಷ್ಟೇ ಅಲ್ಲ, ಭಾವಗೀತೆಗೆ ಹಿನ್ನೆಲೆ, ರೂಪಕಕ್ಕೆ ಹಿನ್ನೆಲೆ, ವಾದ್ಯವೃಂದ, ಎಲ್ಲಕ್ಕೂ ಕೂಡಬೇಕು. ದೊಡ್ಡ ಉಸ್ತಾದರನ್ನು ಇಂಥ ಕೆಲಸಕ್ಕೆ ಕೂಡಿಸಬೇಕೇ ಎಂದು ಮೂಗು ಮುರಿದವರೂ ಇರಬಹುದು. ಆದರೆ ತಿಂಗಳಿಗೆ ಪಗಾರ ಬರುತ್ತಿತ್ತು, ಕಲೆ ಉಳಿಯಿತು. ಮೀಡಿಯಂ ವೇವ್‌ನಲ್ಲಿ ಹಾದು ಬಂದ ಆ ಸಿತಾರು ಕಿರಾಣಿ ಅಂಗಡಿಯ ತಕ್ಕಡಿ ಪಕ್ಕದ ರೇಡಿಯೋದಲ್ಲೂ ಕೇಳಿತು. ಟಿಕೆಟ್ ತೆಗೆಸದೆ ಉಸ್ತಾದರನ್ನು ಕೇಳಿದ ಊರುಗಳಲ್ಲಿ ಈ ಸೀಮೆಯ ಊರುಗಳೂ ಸೇರಿವೆ.

ಜಿಲ್ಲೆಗೇನೂ ತಂತಿ ಹೊಸದಲ್ಲ ಬಿಡಿ. 1580ರಿಂದ 1627ರ ತನಕ ವಿಜಯಪುರ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ತನ್ನ ತಂಬೂರಿಗೆ 'ಮೋತಿಖಾನ್' ಎಂದು ಮನುಷ್ಯರ ಹೆಸರಿಟ್ಟು, ತಾನು ಬರೆದ 'ಕಿತಾಬ್-ಎ-ನವರಸ್'ನಲ್ಲಿ ಅದನ್ನು ನೆನೆದವನು. ಗೋಳಗುಮ್ಮಟದ ಪ್ರತಿಧ್ವನಿ ಕೇಳಲು ದೂರದೂರದಿಂದ ಬರುವವರಲ್ಲಿ ಮೋತಿಖಾನನ ಹೆಸರು ಕೇಳಿದವರು ಎಷ್ಟು ಮಂದಿಯೋ!

ಬಾಲೇ ಖಾನ್ 2007ರ ಡಿಸೆಂಬರ್ 2ರಂದು ತೀರಿಕೊಂಡರು. ಮೂರು ತಲೆಮಾರು ಬಂದ ಸಿತಾರು ನಾಲ್ಕನೆಯದಕ್ಕೂ ಬಂದೀತೇ ಎಂಬ ಚಿಂತೆ ಇಂಥ ಮನೆಗಳಲ್ಲಿ ಯಾವಾಗಲೂ ಇರುವಂಥದು. ಈಗಿನ ಮಕ್ಕಳಿಗೆ ನೌಕರಿ ಬೇಕು, ಗಿಟಾರ್ ಬೇಕು, ಬೇಗ ಬರುವ ಹಾಡು ಬೇಕು. ಆದರೆ ಬಾಲೇ ಖಾನರ ಮನೆಯಲ್ಲಿ ಮಗ ರಯೀಸ್ ಖಾನ್ ತಂತಿ ಬಿಟ್ಟು ನೇರ ಕಂಠಕ್ಕೇ ಹೋಗಿ ಕಿರಾಣಾ ಗಾಯಕರಾದರು. ಇನ್ನೊಬ್ಬ ಮಗ ಹಫೀಜ್ ಖಾನ್ ಅಪ್ಪನ ಸಿತಾರನ್ನೇ ಹಿಡಿದರು.