ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮಾರ್ಗ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಮಾರ್ಗವು ದೇವನಹಳ್ಳಿಯ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹಾಗೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳ ನಡುವಿನ ವಾಯುಮಾರ್ಗವಾಗಿದೆ. ಇವೆರಡರ ನಡುವಿನ ಅತ್ಯಲ್ಪ ದೂರ ಸುಮಾರು 13,990 ಕಿ.ಮೀ. ತಡೆರಹಿತ ಪ್ರಯಾಣಕ್ಕೆ 16ರಿಂದ 18 ಗಂಟೆಗಳು ಬೇಕಾಗುತ್ತವೆ.

ದೂರದ ಲೆಕ್ಕ

ಭೂಮಿಯು ಗೋಳಾಕಾರದಲ್ಲಿರುವುದರಿಂದ ಎರಡು ಸ್ಥಳಗಳ ನಡುವಿನ ಅತ್ಯಲ್ಪ ದೂರವನ್ನು ಮಹಾವೃತ್ತದ ಕಂಸದ ಮೇಲೆ ಅಳೆಯಲಾಗುತ್ತದೆ. ಶಾಲೆಯ ಗೋಡೆಯ ಭೂಪಟದಲ್ಲಿ ಗೆರೆ ಎಳೆದರೆ ಈ ದಾರಿ ಕಾಣುವುದಿಲ್ಲ. ಗೋಳದ ಮೇಲೆ ದಾರ ಹಿಡಿದು ನೋಡಬೇಕು. ಎರಡೂ ನಗರಗಳ ರೇಖಾಂಶಗಳ ಅಂತರ ಸುಮಾರು 160 ಡಿಗ್ರಿಗಳಿದ್ದು, ಅವು ಭೂಗೋಳದ ಬಹುತೇಕ ಎದುರುಬದುರು ಪಾರ್ಶ್ವಗಳಲ್ಲಿವೆ. ಆದ್ದರಿಂದ ಅತ್ಯಲ್ಪ ದೂರದ ಕಂಸವು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರುತ್ತದೆ. ಸರಿಯಾಗಿ ಉತ್ತರ ಧ್ರುವದ ಮೇಲೆಯೇ ಹಾದುಹೋದರೆ ದೂರ ಸುಮಾರು 14,360 ಕಿ.ಮೀ. ಆಗುತ್ತದೆ, ಅಂದರೆ ಹೆಚ್ಚಳ 400 ಕಿ.ಮೀ.ಗಿಂತಲೂ ಕಡಿಮೆ.

ಮೊದಲ ಹಾರಾಟ

ಏರ್ ಇಂಡಿಯಾ ಸಂಸ್ಥೆಯು ಈ ಮಾರ್ಗದ ತನ್ನ ಮೊದಲ ತಡೆರಹಿತ ಹಾರಾಟವನ್ನು 2021ರ ಜನವರಿಯಲ್ಲಿ ಬೋಯಿಂಗ್ 777-200ಎಲ್‌ಆರ್ ವಿಮಾನದಲ್ಲಿ ನಡೆಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಪೈಲಟ್ ತಂಡದಲ್ಲಿ ಮಹಿಳೆಯರೇ ಇದ್ದರು. ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನವು ಉತ್ತರ ಧ್ರುವ ಪ್ರದೇಶವನ್ನು ದಾಟಿ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು.

ಸಮಯ ಮತ್ತು ಗಾಳಿ

ಪ್ರಯಾಣದ ಅವಧಿಯನ್ನು ದೂರವೊಂದೇ ನಿರ್ಧರಿಸುವುದಿಲ್ಲ. ಮಧ್ಯ ಅಕ್ಷಾಂಶಗಳ ಮೇಲ್ಮಟ್ಟದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹಗಳು ಪೂರ್ವಾಭಿಮುಖವಾಗಿ, ಶಾಂತ ಸಾಗರದ ಮೇಲೆ ಸಾಗುವ ವಿಮಾನಕ್ಕೆ ನೆರವಾಗುತ್ತವೆ. ಎದುರಾದರೆ ಇಂಧನವನ್ನೂ ಸಮಯವನ್ನೂ ತಿನ್ನುತ್ತವೆ. ಧ್ರುವದ ಕಡೆಗೆ ಸುತ್ತಿದರೂ ಕೆಲವೊಮ್ಮೆ ಲಾಭವಾಗುವುದು ಈ ಕಾರಣದಿಂದ. ಅಲ್ಲಿನ ಚಳಿಯೂ ಒಂದು ತೊಡಕು: ಜೆಟ್ ಎ-1 ಇಂಧನದ ಹೆಪ್ಪುಗಟ್ಟುವ ಮಿತಿ −47 ಡಿಗ್ರಿ ಸೆಲ್ಸಿಯಸ್, ಜೆಟ್ ಎ ಇಂಧನದ್ದು −40. ಇಂಧನದ ಉಷ್ಣತೆ ಈ ಮಿತಿಯನ್ನು ಸಮೀಪಿಸಿದರೆ ಪೈಲಟ್‌ಗಳು ಎತ್ತರ ತಗ್ಗಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ತುರ್ತು ಸಂದರ್ಭದಲ್ಲಿ ಇಳಿಯಲು ನಿಲ್ದಾಣಗಳೂ ಅಲ್ಲಿ ವಿರಳ.

ಭಾರತೀಯ ಕಾಲಮಾನವು ಕ್ಯಾಲಿಫೋರ್ನಿಯಾಕ್ಕಿಂತ ಚಳಿಗಾಲದಲ್ಲಿ 13.30 ಗಂಟೆ, ಬೇಸಿಗೆಯಲ್ಲಿ 12.30 ಗಂಟೆ ಮುಂದಿರುತ್ತದೆ. ಹೀಗಾಗಿ ಬೆಂಗಳೂರಿನಿಂದ ಮಧ್ಯಾಹ್ನ ಹೊರಟವರು ಅದೇ ದಿನದ ಸಂಜೆ ಅಲ್ಲಿ ಇಳಿಯಬಹುದು. ಮರಳುವವರು ಒಂದು ಇಡೀ ದಿನಾಂಕವನ್ನು ಆಕಾಶದಲ್ಲಿಯೇ ಕಳೆಯುತ್ತಾರೆ. ಟಿಕೆಟ್‌ನಲ್ಲಿರುವ ಹೊರಡುವ ಮತ್ತು ತಲುಪುವ ಸಮಯಗಳೆರಡೂ ಆಯಾ ಸ್ಥಳದವೇ ಆಗಿರುವುದರಿಂದ ಅವುಗಳನ್ನು ನೇರವಾಗಿ ಕಳೆದರೆ ಪ್ರಯಾಣದ ಅವಧಿ ದೊರೆಯುವುದಿಲ್ಲ.

ಉತ್ತರ ಕರ್ನಾಟಕದಿಂದ

ಕೊಪ್ಪಳ ಜಿಲ್ಲೆಯಲ್ಲಿ ನಿಯಮಿತ ಪ್ರಯಾಣಿಕ ವಿಮಾನ ಸೇವೆಯಿಲ್ಲ. ಹುಬ್ಬಳ್ಳಿ ಮತ್ತು ತೋರಣಗಲ್ಲಿನ ವಿದ್ಯಾನಗರ ಸಮೀಪದ ನಿಲ್ದಾಣಗಳು. ನವಲಿ, ಗಂಗಾವತಿ, ಕುಷ್ಟಗಿ ಕಡೆಯವರು ರಸ್ತೆ ಅಥವಾ ರೈಲಿನಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಸಾಗಿ ಬೆಂಗಳೂರು ಸೇರಬೇಕು. ವಿದೇಶ ಪ್ರಯಾಣಕ್ಕೆ ಸಾಮಾನ್ಯವಾಗಿ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕಾದ್ದರಿಂದ, ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಈ ಪ್ರಯಾಣ ಒಂದೂಕಾಲು ದಿನವನ್ನು ಸುಲಭವಾಗಿ ಮೀರುತ್ತದೆ.